ಸೇನಾಡಳಿತಕ್ಕೆ ಜನ ಏಕೆ ಚಪ್ಪಾಳೆ ತಟ್ಟುತ್ತಾರೆ?

ಮಾನ್ಯ ಸಂಪಾದಕರೇ,

ಪಶ್ಚಿಮ ಆಫ್ರಿಕಾದ ನೈಜರ್ ದೇಶದ ಅಧ್ಯಕ್ಷ ಮೊಹಮದ್ ಬಜೂಮ್ ಅವರನ್ನು 2023ರ ಜುಲೈನಲ್ಲಿ ಅವರದೇ ಅಂಗರಕ್ಷಕ ಪಡೆ ಸೆರೆಯಲ್ಲಿಟ್ಟ ಕೆಲವೇ ದಿನಗಳಲ್ಲಿ ರಾಜಧಾನಿ ನಿಯಾಮೆಯ ಕ್ರೀಡಾಂಗಣ ಸೇನೆಗೆ ಜೈಕಾರ ಹಾಕುವವರಿಂದ ತುಂಬಿಹೋಗಿತ್ತು. ಇಂಥ ಸುದ್ದಿ ಬಂದಾಗಲೆಲ್ಲ, ಆ ಜನರಿಗೆ ಪ್ರಜಾಪ್ರಭುತ್ವದ ಬೆಲೆ ಗೊತ್ತಿಲ್ಲ ಎಂದು ನಾವು ತೀರ್ಪು ಕೊಟ್ಟುಬಿಡುತ್ತೇವೆ. ಈ ತೀರ್ಪು ಅವಸರದ್ದು, ಅನ್ಯಾಯದ್ದು ಕೂಡ.

ಮಾಲಿ ದೇಶವನ್ನೇ ನೋಡೋಣ. ಅಲ್ಲಿ 2020ರ ಸಂಸತ್ ಚುನಾವಣೆಯಲ್ಲಿ ಹಲವು ಕ್ಷೇತ್ರಗಳ ಫಲಿತಾಂಶವನ್ನು ಸಾಂವಿಧಾನಿಕ ನ್ಯಾಯಾಲಯ ಬದಲಿಸಿದ್ದು ಆಳುವ ಪಕ್ಷಕ್ಕೆ ಅನುಕೂಲವಾಯಿತು. ಉತ್ತರದಲ್ಲಿ ಉಗ್ರರ ಹಾವಳಿ ನಿಂತಿರಲಿಲ್ಲ, ಭ್ರಷ್ಟಾಚಾರದ ವಿರುದ್ಧ ಬೀದಿಗಿಳಿದವರ ಮೇಲೆ ಜುಲೈನಲ್ಲಿ ಗುಂಡು ಹಾರಿತು. ಹಾಕಿದ ಮತಕ್ಕೂ ಎತ್ತಿದ ದನಿಗೂ ಬೆಲೆ ಸಿಗದೆ ಹೋದ ಮೇಲೆ, ಆಗಸ್ಟ್ 18ರಂದು ಸೈನಿಕರು ಅಧ್ಯಕ್ಷರನ್ನು ಬಂಧಿಸಿದಾಗ ರಾಜಧಾನಿ ಬಮಾಕೊದ ಜನ ಸಂಭ್ರಮಿಸಿದ್ದರಲ್ಲಿ ಆಶ್ಚರ್ಯವೇನಿದೆ? ಆ ಸಂಭ್ರಮ ಹೋದವರ ಮೇಲಿನ ಸಿಟ್ಟಾಗಿತ್ತು. ಬಂದವರು ಅದನ್ನು ತಮಗೆ ಕೊಟ್ಟ ಶಾಶ್ವತ ಒಪ್ಪಿಗೆ ಎಂದು ಬಗೆದರು. 2022ರ ಫೆಬ್ರವರಿಗೆ ಎಂದಿದ್ದ ಚುನಾವಣೆ 2024ಕ್ಕೆ ಹೋಯಿತು, ಆಗಲೂ ನಡೆಯಲಿಲ್ಲ. 2025ರ ಮೇ ತಿಂಗಳಲ್ಲಿ ಎಲ್ಲ ರಾಜಕೀಯ ಪಕ್ಷಗಳನ್ನೂ ವಿಸರ್ಜಿಸಲಾಯಿತು. ಅಂದು ಚಪ್ಪಾಳೆ ತಟ್ಟಿದವನು ಇಂದು ತನ್ನ ಬೆಂಬಲವನ್ನು ಹಿಂದಕ್ಕೆ ಪಡೆಯಬೇಕೆಂದರೆ ಅದಕ್ಕೆ ದಾರಿಯೇ ಉಳಿದಿಲ್ಲ.

ಮೊದಮೊದಲು ಒಂದಿಷ್ಟು ಒಳ್ಳೆಯದೂ ಕಣ್ಣಿಗೆ ಬೀಳುತ್ತದೆ ಎಂಬುದನ್ನು ಮರೆಯಬಾರದು. ಪಾಕಿಸ್ತಾನದಲ್ಲಿ 1958ರಲ್ಲಿ ಅಯೂಬ್ ಖಾನ್ ಅಧಿಕಾರ ಹಿಡಿದಾಗ ಮಾರ್ಷಲ್ ಲಾ, ಅಂದರೆ ಸೇನಾ ಕಾನೂನಿನ ಭಯಕ್ಕೆ ವ್ಯಾಪಾರಿಗಳು ಬೆಲೆ ಇಳಿಸಿದರು, ಕಾಳಸಂತೆಯವರು ಅಡಗಿಸಿಟ್ಟ ಸರಕನ್ನು ಹೊರಗೆ ತೆಗೆದರು. ದಿನದ ಸಂತೆ ಮಾಡಿ ಒಲೆ ಹಚ್ಚುವವರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಆದರೆ ಹತ್ತು ವರ್ಷ ಕಳೆಯುವಷ್ಟರಲ್ಲಿ ಸಕ್ಕರೆ ಬೆಲೆ ಏರಿ ಅದೇ ಜನ ರೊಚ್ಚಿಗೆದ್ದರು. ಸರ್ಕಾರವನ್ನು ಮತದಿಂದ ಇಳಿಸುವ ಅವಕಾಶವಿಲ್ಲದೆ ತಿಂಗಳುಗಟ್ಟಲೆ ಬೀದಿಯಲ್ಲಿ ನಿಂತು ಪೆಟ್ಟು ತಿನ್ನಬೇಕಾಯಿತು. 1969ರಲ್ಲಿ ಅಯೂಬ್ ಇಳಿದಾಗ ಆ ಕುರ್ಚಿಯಲ್ಲಿ ಕುಳಿತದ್ದು ಇನ್ನೊಬ್ಬ ಜನರಲ್, ಯಾಹ್ಯಾ ಖಾನ್.

ಇದನ್ನು ಬೆಳಗಾವಿಯಿಂದ ಬರೆಯಲು ಕಾರಣವಿದೆ. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರವಿರುವ ಈ ಊರಿನಲ್ಲಿ ಸೈನ್ಯದ ಮೇಲಿನ ಗೌರವ ಮನೆಮಾತು, ಆ ಗೌರವ ನನಗೂ ಇದೆ. ಚಹದಂಗಡಿಯಲ್ಲಿ ರಸ್ತೆ, ನೀರು, ಲಂಚದ ಮಾತು ಬಂದರೆ "ಒಂದೈದು ವರ್ಷ ಮಿಲಿಟರಿ ಕೈಯಾಗ ಕೊಡ್ರಿ, ಎಲ್ಲಾ ನೆಟ್ಟಗಾಗತೈತಿ" ಎನ್ನುವವರು ಇದ್ದೇ ಇರುತ್ತಾರೆ. ಹಾಗೆನ್ನುವವರು ಕೆಟ್ಟವರಲ್ಲ, ಕಚೇರಿಗೆ ಅಲೆದು ಸೋತವರು. ನಮ್ಮ ಸೈನಿಕನನ್ನು ಮೆಚ್ಚುವ ಅವರು, ಚುನಾಯಿತ ಸರ್ಕಾರದ ಆಜ್ಞೆಗೆ ತಲೆಬಾಗುವುದೂ ಅವನ ಶಿಸ್ತಿನ ಭಾಗವೆಂಬುದನ್ನು ಗಮನಿಸಬೇಕು.

ಅವರ ಬೇಸರಕ್ಕೆ ನಮ್ಮ ಆಳುವವರೂ ಹೊಣೆಗಾರರು. ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳ ಕೈಗೆ ಒಪ್ಪಿಸಲಾಯಿತು, ಒಂದರ ನಂತರ ಒಂದು ಬಂದ ಸರ್ಕಾರಗಳು ಮೀಸಲಾತಿ, ಕ್ಷೇತ್ರ ವಿಂಗಡಣೆಯ ನೆಪ ಹೇಳಿದವು. ಹಳ್ಳಿಯವನು ತಾನು ಆರಿಸಿದ ಸದಸ್ಯನನ್ನು ಹಿಡಿದು ಕೇಳುವ ಹಕ್ಕು ಹೀಗೆ ಸದ್ದಿಲ್ಲದೆ ಹೋದಾಗ ಯಾರೂ ಬೀದಿಗೆ ಬರಲಿಲ್ಲ. ಚುನಾವಣೆಯಿಲ್ಲದ ಆಡಳಿತ ನಮಗೆ ಇಷ್ಟು ಬೇಗ ರೂಢಿಯಾದದ್ದು ನನ್ನನ್ನು ನಿಜಕ್ಕೂ ಕಾಡುತ್ತದೆ. ಸ್ಥಳೀಯ ಸಂಸ್ಥೆಗಳ ಅವಧಿ ಮುಗಿಯುವ ಮುನ್ನವೇ ಚುನಾವಣೆ ಮುಗಿಯಬೇಕು ಎಂದು ಸಂವಿಧಾನವೇ ಹೇಳಿದೆ. ಅದನ್ನು ಪಾಲಿಸುವಂತೆ ಎಲ್ಲ ಪಕ್ಷಗಳ ಶಾಸಕರನ್ನು ತಮ್ಮ ಪತ್ರಿಕೆ ಹೆಸರು ಹಿಡಿದು ಪ್ರಶ್ನಿಸಬೇಕೆಂದು ಕೋರುತ್ತೇನೆ.

– ಓದುಗ, ಬೆಳಗಾವಿ