ಸಹಿಯ ಜಾಗ ಖಾಲಿ ಉಳಿಸಿದವರಿಗೆ ಧನ್ಯವಾದ

ಮಂಡ್ಯದಲ್ಲಿ ನಡೆದ ಅಂತರರಾಷ್ಟ್ರೀಯ ಆಹ್ವಾನಿತ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ ಮುಗಿದಿದೆ. ಕರೆದವರೂ ನಾವೇ, ಗೆದ್ದವರೂ ನಮ್ಮ ಹುಡುಗರೇ. ಹೀಗಾದಾಗ 'ಮನೆಯವರೇ ಬಡಿಸಿಕೊಂಡರು' ಅನ್ನುವ ಮಾತು ಏಳದೆ ಇರುವುದಿಲ್ಲ. ಸ್ಕೋರ್‌ಶೀಟ್‌ನ ಕೆಳಗಡೆ, ತಕರಾರಿದ್ದರೆ ನಾಯಕ ಸಹಿ ಹಾಕಲು ಒಂದು ಜಾಗವಿದೆ. ಫೈನಲ್‌ನಲ್ಲೂ ಅದು ಖಾಲಿಯೇ ಉಳಿಯಿತು. ಆಟಗಾರರಿಗೆ ಹಾರ, ಪಟಾಕಿ ಎಲ್ಲ ಆಗಿದೆ. ಈ ಬರಹ ಆ ಜಾಗವನ್ನು ಖಾಲಿ ಉಳಿಸಿದವರಿಗೆ.

ಮೊದಲ ನಮಸ್ಕಾರ ಅಂಕಣದ ಪಕ್ಕ ಅಂಕ, ಸಮಯ ನೋಡಿಕೊಳ್ಳುವ ಟೇಬಲ್‌ನಲ್ಲಿ ಕೂತವರಿಗೆ, ಅದರಲ್ಲೂ ಶಾಟ್ ಕ್ಲಾಕ್, ಅಂದರೆ ಚೆಂಡು ಹಿಡಿದ ತಂಡ ಶಾಟ್ ಹೊಡೆಯಲು ಉಳಿದ ಸೆಕೆಂಡ್ ಎಣಿಸುವ ಗಡಿಯಾರ, ಹಿಡಿದವರಿಗೆ. ಆ ಕೆಲಸದ ಕಷ್ಟ ಗ್ಯಾಲರಿಗೆ ಕಾಣುವುದಿಲ್ಲ. ಚೆಂಡು ರಿಂಗ್ ಹಿಂದಿನ ಬೋರ್ಡ್‌ಗೆ ಮಾತ್ರ ಬಡಿದರೆ ಗಡಿಯಾರ ಮುಟ್ಟುವಂತಿಲ್ಲ. ರಿಂಗ್‌ಗೆ ತಾಗಿ ಶಾಟ್ ಹೊಡೆದ ತಂಡಕ್ಕೇ ಮತ್ತೆ ಸಿಕ್ಕರೆ 14 ಸೆಕೆಂಡ್, ಎದುರಾಳಿಗೆ ಸಿಕ್ಕರೆ 24. ರಿಂಗ್ ಸದ್ದು ಕೇಳಿದ ಕೂಡಲೇ ಬಟನ್ ಒತ್ತುವುದು ಹೊಸಬರ ಚಾಳಿ. ನಾಲ್ಕು ಕೈ ತಟ್ಟಾಡುತ್ತಿರುವ ಚೆಂಡು ಯಾರ ಹಿಡಿತಕ್ಕೂ ಬಂದಿರುವುದಿಲ್ಲ, ಕಾಯಬೇಕು. ಡಿಫೆಂಡರ್ ಚೆಂಡನ್ನು ಗೆರೆಯಾಚೆ ತಳ್ಳಿದರೆ ಉಳಿದಷ್ಟೇ ಸೆಕೆಂಡ್. ಅವನು ತಾನು ಕಾಯುವ ರಿಂಗ್ ಇರುವ ಅರ್ಧ ಅಂಕಣದಲ್ಲಿ ಫೌಲ್ ಮಾಡಿ ಎದುರಾಳಿಗೆ ಥ್ರೋ-ಇನ್ (ಗೆರೆಯಾಚೆಯಿಂದ ಚೆಂಡು ಒಳಗೆಸೆಯುವ ಅವಕಾಶ) ಸಿಕ್ಕರೆ, 14 ಅಥವಾ ಹೆಚ್ಚು ಉಳಿದಿದ್ದಾಗ ಹಾಗೇ ಬಿಡಬೇಕು, 13 ಅಥವಾ ಕಡಿಮೆಯಿದ್ದರೆ 14ಕ್ಕೆ ತರಬೇಕು. ಇಷ್ಟನ್ನೂ ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನಿಸಬೇಕು, ಅದೂ ಸುತ್ತಲಿನವರೆಲ್ಲ ಊರಿನ ತಂಡಕ್ಕೆ ಕೂಗುತ್ತಿರುವಾಗ.

ಪಂದ್ಯದ ಗಡಿಯಾರ ನಡೆಸುವ ಟೈಮರ್‌ಗೂ ಅಷ್ಟೇ ಋಣಿಗಳು. ಥ್ರೋ-ಇನ್‌ನಲ್ಲಿ ಗಡಿಯಾರ ಓಡಬೇಕಾದ್ದು ಚೆಂಡು ಕೈ ಬಿಟ್ಟಾಗಲ್ಲ, ಒಳಗಿರುವ ಆಟಗಾರನಿಗೆ ತಾಗಿದಾಗ. ನಾಲ್ಕನೇ ಕ್ವಾರ್ಟರ್‌ನ ಕೊನೆಯ 2 ನಿಮಿಷಗಳಲ್ಲಿ ಬ್ಯಾಸ್ಕೆಟ್ ಬಿದ್ದ ತಕ್ಷಣ ನಿಲ್ಲಿಸಬೇಕು. ಥ್ರೋ-ಇನ್ ಚೆಂಡು ಹಿಡಿದು ಶಾಟ್ ಹೊಡೆಯಲು ಕನಿಷ್ಠ 0.3 ಸೆಕೆಂಡ್ ಬೇಕೆಂಬುದು ನಿಯಮ. ಆದ್ದರಿಂದ ಬೆರಳು ಒಂದು ಚೂರು ತಡೆದರೂ ಪಂದ್ಯವೇ ಬದಲಾಗುತ್ತದೆ, ಆತಿಥೇಯರು ಮುಂದಿದ್ದರಂತೂ ಅದು ಪಕ್ಷಪಾತವಾಗಿಯೇ ಕಾಣುತ್ತದೆ.

ಸ್ಕೋರರ್ 1, 3ನೇ ಕ್ವಾರ್ಟರ್‌ಗಳಿಗೆ ಕೆಂಪು, 2, 4ಕ್ಕೆ ನೀಲಿ ಪೆನ್ನು ಬದಲಿಸುತ್ತ, ಪಕ್ಕದವರು ಜೆರ್ಸಿ ಸಂಖ್ಯೆಯನ್ನು ಗಟ್ಟಿಯಾಗಿ ಹೇಳುತ್ತ ಬರೆದರು. ಸ್ಕೋರ್‌ಬೋರ್ಡ್‌ಗೂ ಸ್ಕೋರ್‌ಶೀಟ್‌ಗೂ ಹೊಂದದೆ ಗೊಂದಲ ಬಗೆಹರಿಯದಿದ್ದರೆ ಶೀಟೇ ಅಂತಿಮ. ಮೂರು ಅಂಕದ ಶಾಟ್ ಎರಡು ಅಂಕವಾಗಿ ದಾಖಲಾಗುವ ತಪ್ಪನ್ನು ಹಿಡಿಯುವುದು ಈ ಜೋಡಿಯೇ.

ಎಲೆಕ್ಟ್ರಿಷಿಯನ್ ಅಣ್ಣಂದಿರು ಗಡಿಯಾರದ ಕನ್ಸೋಲ್‌ಗೆ ಪ್ರತ್ಯೇಕ ಯುಪಿಎಸ್ ಕೊಟ್ಟಿದ್ದರು. ಕರೆಂಟ್ ಹೋಗಿ ಜನರೇಟರ್ ಹಿಡಿಯುವಷ್ಟರಲ್ಲಿ ಕನ್ಸೋಲ್ ಆರಿದರೆ ಉಳಿದ ಸಮಯ, ಫೌಲ್ ಎಲ್ಲ ಸೊನ್ನೆಯಾಗಬಹುದು. ರಿಂಗ್ ಕಟ್ಟಿದವರು 3.05 ಮೀಟರ್ ಎತ್ತರವನ್ನು ಹಿಂದೆ, ಮುಂದೆ ಎರಡೂ ಕಡೆ ಅಳೆದರು. ಜಿಗಿದು ಚೆಂಡನ್ನು ಮೇಲಿಂದ ತುರುಕುವ ಡಂಕ್ ಆದ ರಿಂಗ್ ಮೂತಿ ಬಾಗಿರಬಹುದು; ಹಿಂದೆ ಮಾತ್ರ ಅಳೆದರೆ ಗೊತ್ತೇ ಆಗುವುದಿಲ್ಲ.

ಅಂಕಣ ಒರೆಸಿದ ಮಕ್ಕಳನ್ನು ಮರೆಯುವಂತಿಲ್ಲ. ಬಯಲಿನ ಕೋರ್ಟ್‌ಗೆ ರಾತ್ರಿಯ ಇಬ್ಬನಿಯೇ ಶತ್ರು. ಧೂಳು ಗುಡಿಸದೆ ಒದ್ದೆ ಮಾಪ್ ಎಳೆದರೆ ತೆಳು ಕೆಸರು ಕಟ್ಟಿ ಇನ್ನಷ್ಟು ಜಾರುತ್ತದೆ. ಮೊದಲು ಪೊರಕೆ, ಆಮೇಲೆ ಒಣ ಬಟ್ಟೆ ಎಂಬ ಕ್ರಮವನ್ನು ಅವರು ಪ್ರತಿ ಟೈಮ್‌ಔಟ್‌ನಲ್ಲೂ ತಪ್ಪಿಸಲಿಲ್ಲ.

ಹೊರದೇಶದ ಅತಿಥಿಗಳು ಬಂದ 24 ಗಂಟೆಯೊಳಗೆ ಅವರು ತಂಗಿರುವ ಮಾಹಿತಿಯ ಫಾರ್ಮ್ ಸಲ್ಲಿಸಿದ ಲಾಡ್ಜ್‌ನವರಿಗೆ, ಪಂದ್ಯಕ್ಕೆ 3 ಗಂಟೆ ಮುಂಚೆಯೇ ಖಾರ ಕಡಿಮೆ ಮಾಡಿ ಊಟ ಕೊಟ್ಟ ಅಡುಗೆಯವರಿಗೆ, ಇಬ್ಬನಿಗೆ ಹೆದರಿ ಪಂದ್ಯ ಬೇಗ ಶುರು ಮಾಡೋಣ ಎಂದಾಗ ಮರುಮಾತಿಲ್ಲದೆ ಒಪ್ಪಿದ ಎಲ್ಲ ತಂಡಗಳಿಗೆ ವಂದನೆ.

ಟೇಬಲ್ ಕೆಲಸ ಕಲಿಯಬೇಕೆನ್ನುವ ಪಿಯುಸಿ, ಡಿಗ್ರಿ ಮಕ್ಕಳು ಸಂಜೆ ಅಭ್ಯಾಸದ ಹೊತ್ತಿಗೆ ಬನ್ನಿ. ಕನ್ಸೋಲ್ ಕೈಗೆ ಕೊಟ್ಟು ಹೇಳಿಕೊಡಲು ಈ ಟೇಬಲ್‌ನವರೇ ಒಪ್ಪಿದ್ದಾರೆ. ಕೆಂಪು, ನೀಲಿ ಪೆನ್ನು ಮಾತ್ರ ನೀವೇ ತನ್ನಿ.