ಅಪ್ಪ, ವಿಮಾನ ಯಾಕೆ ಬೀಳುತ್ತೆ ಅಂತ ಕೇಳಿದಿರಲ್ಲ

ಫ್ಲೋರಿಡಾ
ಭಾನುವಾರ ರಾತ್ರಿ

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನಿಲ್ಲಿ ಚೆನ್ನಾಗಿದ್ದೇನೆ, ವಿಮಾನ ಓಡಿಸುವ ತರಬೇತಿಯೂ ನಡೆಯುತ್ತಿದೆ. ಈ ಪತ್ರ ಮೊದಲು ನೀವೊಬ್ಬರೇ ಓದಿ. ಆಮೇಲೆ ಅಮ್ಮನಿಗೆ ಎಷ್ಟು ಓದಿ ಹೇಳಬೇಕೋ ಅಷ್ಟು ಹೇಳಿ.

ಹೋದ ವಾರ ಫೋನಿನಲ್ಲಿ ನೀವು ಕೇಳಿದಿರಿ: "ಮಗಾ, ಈ ಸಣ್ಣ ವಿಮಾನಗಳು ಯಾಕೆ ಬೀಳ್ತವೆ?" ನಾನು "ಏನೂ ಆಗಲ್ಲ ಬಿಡಿ ಅಪ್ಪ" ಅಂದುಬಿಟ್ಟೆ. ಆಮೇಲೆ ರಾತ್ರಿಯೆಲ್ಲ ಅದೇ ಕೊರೆಯಿತು. ಮೂವತ್ತು ವರ್ಷ ಶಿರಾಡಿ ಘಾಟಿಯಲ್ಲಿ ಬಸ್ ಓಡಿಸಿದವರಿಗೆ ಅಂಥ ಉತ್ತರ ಕೊಡಬಾರದಿತ್ತು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಇದ್ದದ್ದು ಇದ್ದ ಹಾಗೆ.

ತರಬೇತಿಯಲ್ಲಿ ಆಗುವ ಅಪಘಾತಗಳಲ್ಲಿ ಜಾಸ್ತಿ ಇಳಿಯುವಾಗಿನವು. ವೇಗ ಹೆಚ್ಚಿಟ್ಟುಕೊಂಡು ಬಂದರೆ ವಿಮಾನ ಚೆಂಡಿನ ಹಾಗೆ ಪುಟಿಯುತ್ತದೆ. ಗಾಬರಿಯಲ್ಲಿ ಮೂತಿ ಕೆಳಗೆ ಒತ್ತಿದರೆ ಮುಂದಿನ ಚಕ್ರ ಮುರಿಯುತ್ತದೆ, ಪ್ರೊಪೆಲ್ಲರ್ ನೆಲಕ್ಕೆ ಬಡಿಯುತ್ತದೆ. ಅಡ್ಡಗಾಳಿ ತಳ್ಳಿದರೆ ರನ್‌ವೇ ಬಿಟ್ಟು ಹುಲ್ಲಿಗೆ ಇಳಿಯುತ್ತದೆ. ವಿಮಾನ ಹಾಳಾಗುತ್ತದೆ. ಒಳಗಿದ್ದವರು ಹೆಚ್ಚಿನ ಸಲ ನಡೆದುಕೊಂಡೇ ಆಚೆ ಬರುತ್ತಾರೆ. ಜೀವ ತೆಗೆಯುವ ಅಪಘಾತಗಳೇ ಬೇರೆ. ಅದರಲ್ಲಿ ಒಂದರ ಹತ್ತಿರಕ್ಕೆ ನಾನೇ ಹೋಗಿ ಬಂದೆ. ಫೋನಿನಲ್ಲಿ ಹೇಳದೆ ಇದ್ದದ್ದು ಅದನ್ನೇ.

ಮೂರು ವಾರದ ಹಿಂದೆ. ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಇದ್ದರು. ನಾವು ಇಳಿಯುವ ಮುಂಚೆ ರನ್‌ವೇ ಪಕ್ಕದಲ್ಲೇ ಹಿಂದಕ್ಕೆ ಹೋಗಿ, ಎಡಕ್ಕೆ ಒಂದು ತಿರುವು ತೆಗೆದುಕೊಂಡು, ಮತ್ತೆ ಎಡಕ್ಕೆ ತಿರುಗಿ ರನ್‌ವೇ ನೇರಕ್ಕೆ ಬರುತ್ತೇವೆ. ಕೊನೆಯ ಆ ತಿರುವಿಗೆ ಬೇಸ್ ಟು ಫೈನಲ್ ಅಂತಾರೆ. ಆಗ ನೆಲದಿಂದ ಬರೀ ಐನೂರು ಅಡಿ ಎತ್ತರ. ಅವತ್ತು ಗಾಳಿ ಬೆನ್ನ ಹಿಂದಿನಿಂದ ತಳ್ಳುತ್ತಿತ್ತು. ನಾನು ತಿರುಗಲು ಶುರು ಮಾಡುವಷ್ಟರಲ್ಲಿ ರನ್‌ವೇ ಎಡಕ್ಕೆ ಜಾರಿಹೋಗುತ್ತಿತ್ತು. ಅಷ್ಟು ಕೆಳಗಿದ್ದಾಗ ರೆಕ್ಕೆ ಇನ್ನೂ ಓರೆ ಮಾಡಲು ಭಯ. ಕೈ ಹಿಂಜರಿಯಿತು. ಆದರೆ ಕಾಲು ಸುಮ್ನೆ ಇರಲಿಲ್ಲ, ಎಡಗಡೆಯ ರಡ್ಡರ್ ಒತ್ತಿತು. ರಡ್ಡರ್ ಅಂದರೆ ಬಾಲದ ಚುಕ್ಕಾಣಿ, ಕಾಲಿನ ಪೆಡಲಿನಿಂದ ತಿರುಗಿಸುವುದು. ಮೂತಿ ರನ್‌ವೇ ಕಡೆ ಹೊರಳಿತು, ಸ್ವಲ್ಪ ಕೆಳಗೂ ಇಳಿಯಿತು. ಮೂತಿ ಎತ್ತಲು ನಾನು ಯೋಕ್, ಅಂದರೆ ನಮ್ಮ ಸ್ಟೀರಿಂಗ್, ಹಿಂದಕ್ಕೆ ಎಳೆದೆ.

ಡ್ಯಾಶ್‌ಬೋರ್ಡಿನಲ್ಲಿ ಬಾಗಿದ ಗಾಜಿನ ನಳಿಕೆಯೊಳಗೆ ಒಂದು ಕಪ್ಪು ಗುಂಡು ಇರುತ್ತದೆ. ತಿರುವು ಸರಿಯಿದ್ದರೆ ಅದು ನಡುವೆ ನಿಲ್ಲುತ್ತದೆ. ಅವತ್ತು ಅದು ಬಲತುದಿಗೆ ಓಡಿಹೋಗಿತ್ತು. ನಾನು ನೋಡಲೇ ಇಲ್ಲ. ನನ್ನ ಕಣ್ಣೆಲ್ಲ ರನ್‌ವೇ ಮೇಲೆ. ಸ್ಟಾಲ್ ಸೈರನ್ ಕೀರಲು ದನಿಯಲ್ಲಿ ಕೂಗಲು ಶುರುವಾಯಿತು. "ಮೈ ಕಂಟ್ರೋಲ್ಸ್" ಅಂದರು ಇನ್‌ಸ್ಟ್ರಕ್ಟರ್, ಇನ್ನು ನಾನು ಓಡಿಸುತ್ತೇನೆ ಅಂತ. ಮೂತಿ ಕೆಳಗೆ, ರೆಕ್ಕೆ ಸಮ, ಥ್ರಾಟಲ್ ಪೂರ್ತಿ. ಗಿಡಮರಗಳು ಹತ್ತಿರ ಬಂದು ಮತ್ತೆ ದೂರವಾದವು. ಮೇಲೆ ಹೋದ ಮೇಲೂ ಒಂದು ನಿಮಿಷ ಇಬ್ಬರೂ ಮಾತಾಡಲಿಲ್ಲ.

ಸ್ಟಾಲ್ ಅಂದರೆ ಎಂಜಿನ್ ನಿಂತುಹೋಗುವುದು ಅಂತ ನೀವು ಅಂದುಕೊಳ್ಳುತ್ತೀರಿ. ಬಸ್ಸಿನಲ್ಲಿ ಹಾಗೇ. ವಿಮಾನದಲ್ಲಿ ಹಾಗಲ್ಲ. ಎಂಜಿನ್ ಚೆನ್ನಾಗೇ ಓಡುತ್ತಿರುತ್ತದೆ, ರೆಕ್ಕೆ ಹಿಡಿತ ಬಿಡುತ್ತದೆ. ಆಷಾಢದಲ್ಲಿ ನಮಗೆ ಗಾಳಿಪಟ ಕಟ್ಟಿಕೊಡುತ್ತಿದ್ದಿರಲ್ಲ, ಸೂತ್ರ ಸರಿಯಾಗಿ ಕಟ್ಟದಿದ್ದರೆ ಅದು ಗಾಳಿಗೆ ಎಷ್ಟು ಮುಖ ಎತ್ತಬೇಕೋ ಅದಕ್ಕಿಂತ ಜಾಸ್ತಿ ಎತ್ತಿ, ಒಂದು ಪಕ್ಕಕ್ಕೆ ಗಿರಕಿ ಹೊಡೆದು ನೆಲಕ್ಕೆ ಕುಟ್ಟಿಕೊಳ್ಳುತ್ತಿತ್ತು. ಹೆಚ್ಚುಕಮ್ಮಿ ಅದೇ. ಜೊತೆಗೆ ತಪ್ಪು ರಡ್ಡರ್ ಒತ್ತಿದ್ದರೆ ಒಳಗಡೆಯ ರೆಕ್ಕೆ ಮೊದಲು ಹಿಡಿತ ಬಿಡುತ್ತದೆ, ವಿಮಾನ ಆ ಕಡೆ ಮಗುಚಿ ಸುತ್ತಲು ಶುರು ಮಾಡುತ್ತದೆ. ಅದೇ ಸ್ಪಿನ್. ಅದರಿಂದ ಆಚೆ ಬರಲು ಸುಮಾರು ಸಾವಿರ ಅಡಿ ಬೇಕು. ನಮ್ಮ ಹತ್ತಿರ ಇದ್ದದ್ದು ಅದರ ಅರ್ಧ.

ಈ ಸ್ಪಿನ್ನಿನ ಕಥೆ ಹಳೆಯದು. 1978ರಲ್ಲಿ ಪೈಪರ್ ಕಂಪನಿ ಟೊಮಾಹಾಕ್ ಅನ್ನುವ ಎರಡು ಸೀಟಿನ ವಿಮಾನ ತಂದಿತು. ಅದಕ್ಕೂ ಮುಂಚೆ ಸಾಕಷ್ಟು ಇನ್‌ಸ್ಟ್ರಕ್ಟರ್‌ಗಳನ್ನು ಏನು ಬೇಕು ಅಂತ ಕೇಳಿದ್ದರು. ಹಳೆಯ ತರಬೇತಿ ವಿಮಾನಗಳು ತಪ್ಪನ್ನು ಕ್ಷಮಿಸಿಬಿಡುತ್ತವೆ, ಸ್ಟಾಲ್, ಸ್ಪಿನ್ ಅಂದರೆ ಏನು ಅಂತ ಹುಡುಗರಿಗೆ ಗೊತ್ತಾಗುವಂಥ ವಿಮಾನ ಬೇಕು ಅಂದರು ಅವರು. 1982ರ ತನಕ ಸುಮಾರು 2,500 ತಯಾರಾದವು. ಆಮೇಲೆ ಲೆಕ್ಕ ತೆಗೆದು ನೋಡಿದರೆ, ಹಾರಿದ ಗಂಟೆಗೆ ಒಟ್ಟು ಅಪಘಾತ ಸೆಸ್ನಾ ಕಂಪನಿಯ ತರಬೇತಿ ವಿಮಾನಗಳಾದ 150, 152ಕ್ಕಿಂತ ಕಡಿಮೆ. ಆದರೆ ಸ್ಪಿನ್‌ಗೆ ಸಿಕ್ಕಿ ಜೀವ ಹೋದ ಅಪಘಾತ ಮಾತ್ರ ಜಾಸ್ತಿ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಆ ಇನ್‌ಸ್ಟ್ರಕ್ಟರ್‌ಗಳು ಕೇಳಿದ್ದು ತಪ್ಪು ಅಂತ ನನಗೆ ಅನ್ನಿಸಲ್ಲ. ಸ್ಪಿನ್ ಕಲಿಯಬೇಕು, ಆದರೆ ಅದು ಐದು ಸಾವಿರ ಅಡಿ ಮೇಲೆ.

ನಾನು ಓಡಿಸುವುದು ಸೆಸ್ನಾ 172. 1956ರಿಂದ ಇದೆ, 44,000ಕ್ಕೂ ಹೆಚ್ಚು ತಯಾರಾಗಿವೆ. ಬಹಳ ಸಾಧು ವಿಮಾನ. ಅಂಥದ್ದನ್ನೂ ನನ್ನ ಕಾಲು ಅವತ್ತು ಆ ಅಂಚಿಗೆ ತಂದಿತ್ತು. ಈಗ ರನ್‌ವೇ ದಾಟಿಹೋಯಿತು ಅಂದರೆ ನಾನು ಎಳೆದಾಡುವುದಿಲ್ಲ. ಥ್ರಾಟಲ್ ಕೊಟ್ಟು ಮೇಲೆ ಹೋಗಿ ಇನ್ನೊಂದು ಸುತ್ತು ಹಾಕಿ ಬರುತ್ತೇನೆ.

ಅಮ್ಮನಿಗೆ ಎಂಜಿನ್ ನಿಂತರೆ ಏನು ಗತಿ ಅಂತ ಚಿಂತೆ ಅಲ್ವಾ? ಎಂಜಿನ್ ನಿಂತರೆ ಇದು ಕಲ್ಲಿನ ಹಾಗೆ ಬೀಳುವುದಿಲ್ಲ ಅಂತ ಹೇಳಿ. ಮೂರು ಸಾವಿರ ಅಡಿ ಎತ್ತರದಲ್ಲಿ ನಿಂತರೆ, ಗಾಳಿ ಇಲ್ಲದಿದ್ದರೆ, ಸುಮಾರು ಎಂಟು ಕಿಲೋಮೀಟರ್ ತೇಲಿಕೊಂಡು ಹೋಗುತ್ತದೆ. 2023ರ ಮೇ ತಿಂಗಳಲ್ಲಿ ಬೆಳಗಾವಿಯ ಸಾಂಬ್ರಾದಿಂದ ಹೊರಟ ತರಬೇತಿ ವಿಮಾನ ಹೊನ್ನಿಹಾಳದ ಹೊಲದಲ್ಲಿ ಇಳಿಯಿತಲ್ಲ, ಟಿವಿಯಲ್ಲಿ ನೋಡಿ ಅಮ್ಮ ಅತ್ತಿದ್ದಳು. ಒಳಗಿದ್ದ ಇಬ್ಬರಿಗೂ ಸಣ್ಣಪುಟ್ಟ ಗಾಯ ಅಷ್ಟೇ. ವಿಮಾನ ಕೈಗೆ ಸಿಗುತ್ತಿರುವಷ್ಟು ಹೊತ್ತು ಹೊಲವೂ ರನ್‌ವೇನೇ.

ಆದರೆ ಎಂಜಿನ್ ಪದೇ ಪದೇ ನಿಂತರೆ ಪೈಲಟ್ ಏನು ಮಾಡಿಯಾನು? ನಮ್ಮ ಎಚ್‌ಎಎಲ್ ಕಂಪನಿಯೇ ಮಾಡಿದ ಎಚ್‌ಪಿಟಿ-32 ದೀಪಕ್ ಅನ್ನುವ ತರಬೇತಿ ವಿಮಾನದಲ್ಲಿ ಹಾಗಾಯಿತು. ವಾಯುಸೇನೆಯ ಹುಡುಗರು ಮೊದಲು ಕಲಿಯುತ್ತಿದ್ದದ್ದು ಅದರಲ್ಲೇ. ಎಂಜಿನ್ ಕೈಕೊಡುತ್ತಿತ್ತು, ಕೊಟ್ಟ ಮೇಲೆ ಅದು ಚೆನ್ನಾಗಿ ತೇಲುತ್ತಲೂ ಇರಲಿಲ್ಲ. ಒಟ್ಟು 19 ಪೈಲಟ್‌ಗಳು ಹೋದರು. 2009ರ ಜುಲೈನಲ್ಲಿ ಇಬ್ಬರು ಅನುಭವಿ ಇನ್‌ಸ್ಟ್ರಕ್ಟರ್‌ಗಳೇ ಸತ್ತ ಮೇಲೆ ಎಲ್ಲವನ್ನೂ ಹಾರಾಟದಿಂದ ನಿಲ್ಲಿಸಿದರು. ಅಷ್ಟು ವರ್ಷ ಯಾಕೆ ಕಾದರು ಅಂತ ನನಗೆ ಇವತ್ತಿಗೂ ಸಂಕಟ ಆಗುತ್ತದೆ.

ನಮ್ಮಂಥ ವಿಮಾನಗಳಲ್ಲಿ ಎಂಜಿನ್ ನಿಲ್ಲುವುದಕ್ಕೆ ಕಾರಣ ಎಷ್ಟೋ ಸಲ ಎಂಜಿನ್ ಅಲ್ಲ, ಪೆಟ್ರೋಲು. ಖಾಲಿಯಾಗಿರುತ್ತದೆ, ಇಲ್ಲಾ ನೀರು ಸೇರಿರುತ್ತದೆ. ಹಳೆಯ ಕಾರ್ಬುರೇಟರ್ ಎಂಜಿನ್‌ಗಳಲ್ಲಿ ಇನ್ನೊಂದು ವಿಚಿತ್ರ. ಫ್ಲೋರಿಡಾದಂಥ ಸೆಕೆಯಲ್ಲೂ, ಗಾಳಿಯಲ್ಲಿ ತೇವ ಜಾಸ್ತಿಯಿದ್ದರೆ, ಕಾರ್ಬುರೇಟರ್ ಗಂಟಲಲ್ಲಿ ಮಂಜುಗಡ್ಡೆ ಕಟ್ಟುತ್ತದೆ. ಬಿಸಿಗಾಳಿಯ ನಾಬ್ ಎಳೆದರೆ ಕರಗುತ್ತದೆ, ಮರೆತರೆ ಎಂಜಿನ್ ಉಸಿರು ಕಟ್ಟಿ ನಿಲ್ಲುತ್ತದೆ.

ನೀವು ಬೆಳಗಿನ ಜಾವ ಡಿಪೋದಲ್ಲಿ ಬಸ್ಸಿನ ಸುತ್ತ ನಡೆದು ಒಂದೊಂದು ಟೈರಿಗೂ ತಟ್ಟಿ ಸದ್ದು ಕೇಳುತ್ತಿದ್ದಿರಲ್ಲ, ನಾನೂ ಹಾಗೇ ಸುತ್ತು ಹಾಕುತ್ತೇನೆ. ಏಣಿ ಹತ್ತಿ ಟ್ಯಾಂಕಿಗೆ ಕಡ್ಡಿ ಇಳಿಸಿ ನೋಡುತ್ತೇನೆ, ಮೀಟರ್ ನಂಬುವುದಿಲ್ಲ. ಆಮೇಲೆ ಒಂದೊಂದು ರೆಕ್ಕೆಯಡಿ ಐದು, ಹೊಟ್ಟೆಯಡಿ ಮೂರು, ಒಟ್ಟು 13 ಕಡೆಯಿಂದ ಸಣ್ಣ ಪ್ಲಾಸ್ಟಿಕ್ ಲೋಟಕ್ಕೆ ಪೆಟ್ರೋಲ್ ಇಳಿಸಿ ಬೆಳಕಿಗೆ ಹಿಡಿಯುತ್ತೇನೆ. ನಮ್ಮ ಪೆಟ್ರೋಲು ತಿಳಿ ನೀಲಿ ಬಣ್ಣ. ಹೋದ ತಿಂಗಳು ರಾತ್ರಿ ಜೋರು ಮಳೆ ಹೊಯ್ದ ಮಾರನೇ ದಿನ, ಎಡ ರೆಕ್ಕೆಯ ಲೋಟದ ತಳದಲ್ಲಿ ಕಡಲೆಕಾಳಿನಷ್ಟು ದೊಡ್ಡ ಹನಿ ಕೂತಿತ್ತು. ಬಣ್ಣವೇ ಇಲ್ಲ. ಲೋಟ ಓರೆ ಮಾಡಿದರೆ ಪಾದರಸದ ಹಾಗೆ ಉರುಳುತ್ತಿತ್ತು. ನೀರು. ಮತ್ತೆ ಇಳಿಸಿದೆ, ಮತ್ತೆ ಬಂತು. ಮೆಕ್ಯಾನಿಕ್ ಕರೆದೆ. ಟ್ಯಾಂಕ್ ಮುಚ್ಚಳದ ರಬ್ಬರ್ ಬಿರುಕು ಬಿಟ್ಟಿತ್ತು. ಅವತ್ತು ಹಾರಲಿಲ್ಲ.

ಇನ್ನು ಮೋಡ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮಾರನಹಳ್ಳಿ ದಾಟಿದ ಮೇಲೆ ಮಂಜು ಕವಿದರೆ ನೀವು ಬಸ್ಸನ್ನು ಅಂಚಿಗೆ ಹಾಕಿ, ಲೈಟ್ ಹಾಕಿಕೊಂಡು ನಿಂತುಬಿಡುತ್ತಿದ್ದಿರಿ. ಪ್ಯಾಸೆಂಜರ್‌ಗಳು ಬೈದರೂ ಕದಲುತ್ತಿರಲಿಲ್ಲ. ಮೇಲೆ ನನಗೆ ನಿಲ್ಲಿಸಲು ಅಂಚೇ ಇಲ್ಲ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಒಂದು ಪರೀಕ್ಷೆ ಮಾಡಿದರು. ಬರೀ ಮೀಟರ್ ನೋಡಿ ಹಾರುವ ಅಭ್ಯಾಸ ಇಲ್ಲದ 20 ಜನರನ್ನು ಮೋಡದೊಳಗೆ ಹೋದಂಥ ಸ್ಥಿತಿಯಲ್ಲಿ ಹಾರಿಸಿದರು. ಇಪ್ಪತ್ತೂ ಜನ ಹಿಡಿತ ತಪ್ಪಿದರು. ಸರಾಸರಿ 178 ಸೆಕೆಂಡಿನಲ್ಲಿ. ಮೂರು ನಿಮಿಷವೂ ಅಲ್ಲ. ಕಣ್ಣಿಗೆ ನೆಲ ಕಾಣದಿದ್ದರೆ ಕಿವಿಯೊಳಗಿನ ಸಮತೋಲ ಸುಳ್ಳು ಹೇಳುತ್ತದೆ. ವಿಮಾನ ಓರೆಯಾಗಿ ಸುತ್ತುತ್ತಾ ಇಳಿಯುತ್ತಿದ್ದರೂ ನೇರ ಹೋಗುತ್ತಿದ್ದೇವೆ ಅನ್ನಿಸುತ್ತದೆ. ಇಲ್ಲಿ ಬೇಸಿಗೆಯಲ್ಲಿ ಮಧ್ಯಾಹ್ನವಾದರೆ ಸಾಕು, ಗುಡುಗು ಮೋಡ ಕಟ್ಟುತ್ತದೆ. ಅದಕ್ಕೆ ನಾನು ಬೆಳಗಿನ ಸ್ಲಾಟ್ ಕೇಳಿ ತೆಗೆದುಕೊಳ್ಳುತ್ತೇನೆ.

ಒಂದು ವಿಷಯ ಬರೆಯಲೋ ಬೇಡವೋ ಅಂತ ಬಹಳ ಯೋಚಿಸಿದೆ. 2018ರ ಏಪ್ರಿಲ್ 4ರಂದು ಇಲ್ಲೇ ಡೇಟೋನಾ ಬೀಚ್‌ನಲ್ಲಿ, ರನ್‌ವೇ ಮುಟ್ಟಿ ಮತ್ತೆ ಮೇಲೆದ್ದ ಪೈಪರ್ ವಿಮಾನದ ಎಡ ರೆಕ್ಕೆ ಕಳಚಿ ಬಿತ್ತು. ಲೈಸೆನ್ಸ್ ಪರೀಕ್ಷೆ ಕೊಡುತ್ತಿದ್ದ ವಿದ್ಯಾರ್ಥಿ, ಪರೀಕ್ಷಕರು ಇಬ್ಬರೂ ಹೋದರು. ಅವರಿಬ್ಬರದೂ ಏನೂ ತಪ್ಪಿರಲಿಲ್ಲ. ರೆಕ್ಕೆ ಹೊತ್ತಿರುವ ಮುಖ್ಯ ತೊಲೆಯಲ್ಲಿ, ಬೋಲ್ಟಿನ ತೂತಿನ ಹತ್ತಿರ, ಲೋಹ ದಣಿದು ಬಿರುಕು ಬಿಟ್ಟಿತ್ತು. ನಿಮ್ಮ ಬಸ್ಸಿನ ಸ್ಪ್ರಿಂಗ್ ಪಟ್ಟಿ ಹೊರಗೆ ಚೆನ್ನಾಗಿ ಕಂಡು ಒಂದು ದಿನ ಸಕಲೇಶಪುರದ ಹತ್ತಿರ ಠಣ್ ಅಂತ ತುಂಡಾಗಿತ್ತಲ್ಲ, ಹಾಗೆ. ತರಬೇತಿ ವಿಮಾನ ದಿನಕ್ಕೆ ಎಷ್ಟೋ ಸಲ ಇಳಿದು ಏರುತ್ತದೆ, ಕೆಳಮಟ್ಟದ ಕುಲುಕಾಟದಲ್ಲೇ ಜಾಸ್ತಿ ಹಾರುತ್ತದೆ. ಲೋಹ ಅದನ್ನೆಲ್ಲ ಲೆಕ್ಕ ಇಡುತ್ತದೆ. ಆಮೇಲೆ 2021ರಲ್ಲಿ, ಹೆಚ್ಚು ದುಡಿದ ಅಂಥ ಪೈಪರ್‌ಗಳ ಬೋಲ್ಟ್ ತೂತುಗಳನ್ನು ವಿದ್ಯುತ್ ಉಪಕರಣದಿಂದ ಪರೀಕ್ಷಿಸಲೇಬೇಕು ಅಂತ ಇಲ್ಲಿನ ಸರ್ಕಾರ ಕಡ್ಡಾಯ ಮಾಡಿತು. ಬರಿಗಣ್ಣಿಗೆ ಕಾಣದ ಬಿರುಕು ಅದರಲ್ಲಿ ಸಿಗುತ್ತದೆ.

ಅದನ್ನು ನನ್ನ ಕೈಯಿಂದ ತಡೆಯಲು ಆಗುತ್ತಿರಲಿಲ್ಲ ಅಪ್ಪ. ಅಷ್ಟು ಭಯ ನನ್ನ ಜೊತೆ ಇರುತ್ತದೆ, ಇಲ್ಲ ಅಂತ ಹೇಳುವುದಿಲ್ಲ. ನಾನು ಮಾಡುವುದು ಇಷ್ಟು: ಹಾರುವ ಮುಂಚೆ ವಿಮಾನದ ಲಾಗ್‌ಬುಕ್ ತೆರೆದು, ಯಾವ ತಪಾಸಣೆ ಯಾವಾಗ ಆಯಿತು, ಇನ್ನೆಷ್ಟು ಗಂಟೆ ಬಾಕಿ ಇದೆ ಅಂತ ನನ್ನ ಕಣ್ಣಾರೆ ಓದುತ್ತೇನೆ. ನೀವು ಲಾಗ್‌ಶೀಟಿನಲ್ಲಿ ಹಿಂದಿನ ಡ್ರೈವರ್ ಬರೆದದ್ದನ್ನು ಓದದೆ ಸ್ಟೀರಿಂಗ್ ಮುಟ್ಟುತ್ತಿರಲಿಲ್ಲವಲ್ಲ.

ಮಂಗಳವಾರ ಬೆಳಿಗ್ಗೆ ಏಳಕ್ಕೆ ನನ್ನ ಮೊದಲ ದೂರದ ಒಂಟಿ ಹಾರಾಟ. ನಿಮಗಾಗ ಸಂಜೆ ನಾಲ್ಕೂವರೆ. ಅಮ್ಮನಿಗೆ ಹತ್ತು ಗಂಟೆಯ ತನಕ ಫೋನ್ ನೋಡುತ್ತಾ ಕೂರಬೇಡ ಅಂತ ಹೇಳಿ, ಕೂರುತ್ತಾಳೆ ಅಂತ ನನಗೆ ಗೊತ್ತು. ಇಳಿದ ತಕ್ಷಣ ಮೆಸೇಜ್ ಹಾಕುತ್ತೇನೆ. ಮೋಡ ನೋಡಿ ಹೋಗದೆ ಉಳಿದರೆ ಅದನ್ನೂ ಹಾಕುತ್ತೇನೆ.

ಇಂತಿ ನಿಮ್ಮ ಮಗಳು,
ಸುಮಾ