ಹಿಮ ಕಡಿಯುವ ಗುತ್ತಿಗೆ ಕೂಲಿಗಳಿಗೂ ವಿಮೆ ಸಿಗಲಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಮನಾಲಿ ಪ್ರವಾಸದ ಲೇಖನ ಓದಿದೆ. ಎರಡೂ ಬದಿ ಆಳೆತ್ತರದ ಹಿಮದ ಗೋಡೆ, ನಡುವೆ ರಸ್ತೆಯಲ್ಲಿ ನಮ್ಮ ಕಡೆಯ ಹುಡುಗರು ನಿಂತು ತೆಗೆಸಿಕೊಂಡ ಫೋಟೊ. ರಸ್ತೆ ಮೇಲೆ ಬಿದ್ದ ಹಿಮವನ್ನು ಕಡಿದು ತೆಗೆದರೆ ಮಾತ್ರ ಆ ಗೋಡೆ ಕಾಣುತ್ತದೆ. ಕಡಿಯುವ ಕೆಲಸದಲ್ಲಿ ನಾನೂ ಇದ್ದೆ. ಗಡಿ ರಸ್ತೆ ಸಂಸ್ಥೆಯಲ್ಲಿ ಡೋಜರ್ ಓಡಿಸಿ ನಿವೃತ್ತನಾದವನು.

2020ರ ಅಕ್ಟೋಬರಿನಲ್ಲಿ ಅಟಲ್ ಸುರಂಗ ತೆರೆಯುವವರೆಗೆ ಮನಾಲಿಯಿಂದ ಲಾಹೌಲ್ ಕಣಿವೆಗೆ ಹೋಗಲು ರೋಹ್ತಾಂಗ್ ಕಣಿವೆದಾರಿಯನ್ನೇ ಹತ್ತಬೇಕಿತ್ತು, 13 ಸಾವಿರ ಅಡಿ ಎತ್ತರ. ಮಾರ್ಚಿನಲ್ಲಿ ಹಿಮ ತೆಗೆಯಲು ಹೊರಟರೆ ರಸ್ತೆ ಎಲ್ಲಿದೆ ಎಂಬುದೇ ಕಾಣುತ್ತಿರಲಿಲ್ಲ. ಕೂಲಿಗಳು ಉದ್ದನೆಯ ಸರಳು ಚುಚ್ಚುತ್ತಾ ಅಂಚು ಹುಡುಕಿಕೊಂಡು ಮುಂದೆ ನಡೆಯುತ್ತಿದ್ದರು, ಅವರ ಹಿಂದೆ ನನ್ನ ಡೋಜರ್. ಅವರ ಅಂದಾಜು ತಪ್ಪಿದರೆ ನಾನು ಗಾಡಿ ಸಮೇತ ಪ್ರಪಾತಕ್ಕೆ. ಬೆಳಗಿನ ಜಾವ ಡೀಸೆಲ್ ಹೆಪ್ಪುಗಟ್ಟಿರುತ್ತಿತ್ತು. ಎಂಜಿನ್ ಕೆಳಗೆ ಕೆಂಡ ಇಟ್ಟು ಕಾಯಿಸಿ ಕೊಡುತ್ತಿದ್ದವರೂ ಅವರೇ. ಬಿಸಿಲೇರಿದರೆ ಹಿಮದಿಂದ ಚಿಮ್ಮುವ ಬೆಳಕಿಗೆ ಕಣ್ಣಿಗೆ ಮರಳು ಎರಚಿದಂತೆ ಉರಿ. ಕಪ್ಪು ಕನ್ನಡಕ ಇಲ್ಲದವರು ತೆಳು ಬಟ್ಟೆ ಕಟ್ಟಿಕೊಂಡೇ ಸಲಿಕೆ ಹಿಡಿಯುತ್ತಿದ್ದರು. ಹಿಮ ಕರಗಿದ ಮೇಲೆ ಚರಂಡಿ ಬಗೆಯುವುದು, ಮೋರಿ ಬಿಡಿಸುವುದು, ಕುಸಿದ ತಡೆಗೋಡೆಗೆ ಕಲ್ಲು ಜೋಡಿಸುವುದು, ಎಲ್ಲಕ್ಕೂ ಅದೇ ಜನ. ಬಹುಪಾಲು ಜಾರ್ಖಂಡಿನ ದುಮ್ಕಾ ಕಡೆಯವರು. ಚಳಿಗೆ ಮೊದಲು ಊರಿಗೆ ಹೊರಟರೆ ಮುಂದಿನ ವರ್ಷ ಕೆಲಸ ಸಿಗುವ ಖಾತ್ರಿ ಇರಲಿಲ್ಲ.

ಒಂದು ವರ್ಷ ನಮ್ಮ ಕ್ಯಾಂಪಿನಲ್ಲಿ ರಾತ್ರಿ ಮಲಗಿದ ಹುಡುಗನೊಬ್ಬ ಬೆಳಿಗ್ಗೆ ಏಳಲಿಲ್ಲ. ಹೆಣ ಊರಿಗೆ ಕಳಿಸಲು ಯಾರ ಬಳಿಯೂ ಅಷ್ಟು ದುಡ್ಡಿರಲಿಲ್ಲ. ಹೊಳೆ ದಂಡೆಯಲ್ಲೇ ಸುಟ್ಟೆವು. ಅವನ ತಮ್ಮ ಬೂದಿಯನ್ನು ಹಾಲಿನ ಪುಡಿ ಡಬ್ಬಿಯಲ್ಲಿ ತುಂಬಿಕೊಂಡ. ಮುಚ್ಚಳ ಬಿಚ್ಚದಂತೆ ತಂತಿ ಬಿಗಿದು ಕೊಟ್ಟವನು ನಾನು.

ಇಂಥ ಕೂಲಿಗಳ ಪಾರ್ಥಿವ ಶರೀರವನ್ನು ಸರ್ಕಾರಿ ಖರ್ಚಿನಲ್ಲಿ ಊರಿಗೆ ಕಳಿಸಲು ರಕ್ಷಣಾ ಸಚಿವಾಲಯ 2023ರಲ್ಲಿ ಒಪ್ಪಿತು. ಅಂತ್ಯಕ್ರಿಯೆಗೆ ಕೊಡುತ್ತಿದ್ದ 1,000 ರೂಪಾಯಿ 10,000 ಆಯಿತು. 2024ರ ಜನವರಿಯಲ್ಲಿ 10 ಲಕ್ಷ ರೂಪಾಯಿಯ ಗುಂಪು ವಿಮೆಗೂ ಒಪ್ಪಿಗೆ ಸಿಕ್ಕಿತು. ಸುದ್ದಿ ಓದಿದ ದಿನ ಆ ತಮ್ಮನನ್ನು ನೆನೆದು ಅತ್ತಿದ್ದೇನೆ.

ಆದರೆ ಇವೆಲ್ಲ ಸಂಸ್ಥೆಯ ಹಾಜರಿ ಪಟ್ಟಿಯಲ್ಲಿ, ಅಂದರೆ ಮಸ್ಟರ್ ರೋಲಿನಲ್ಲಿ ಹೆಸರಿದ್ದ ದಿನಗೂಲಿಗಳಿಗೆ. 2025ರ ಫೆಬ್ರುವರಿ 28ರಂದು ಬದರಿನಾಥದ ಬಳಿಯ ಮಾಣಾದಲ್ಲಿ ಹಿಮಕುಸಿತಕ್ಕೆ ಸಿಕ್ಕಿದ 54 ಮಂದಿ ಗುತ್ತಿಗೆಯ ಮೇಲೆ ಬಂದವರು. ರಸ್ತೆಯ ಹಿಮ ತೆಗೆಯಲೆಂದೇ ಅಲ್ಲಿದ್ದರು. ಎಂಟು ಜನ ತೀರಿಕೊಂಡರು. ಗುತ್ತಿಗೆದಾರನ ಪಟ್ಟಿಯಲ್ಲಿರಲಿ, ಸಂಸ್ಥೆಯ ಪಟ್ಟಿಯಲ್ಲಿರಲಿ, ಚಳಿ ಒಂದೇ. ಅದೇ 10 ಲಕ್ಷದ ವಿಮೆ, ಹೆಣ ಊರಿಗೆ ತಲುಪಿಸುವ ಹೊಣೆ, ಹಿಮದ ಬೂಟು, ಕನ್ನಡಕ ಇವನ್ನು ಟೆಂಡರಿನ ಷರತ್ತಿನಲ್ಲೇ ಸೇರಿಸಬೇಕು. ನಮ್ಮ ಸಂಸದರು ಲೋಕಸಭೆಯಲ್ಲಿ ಇದನ್ನು ಕೇಳಲಿ ಎಂದು ನಿಮ್ಮ ಪತ್ರಿಕೆಯ ಮೂಲಕ ಬೇಡುತ್ತೇನೆ.

ಅಲ್ಲಿಗೆ ಹೋಗುವ ಕನ್ನಡಿಗರಲ್ಲಿ ಇನ್ನೊಂದು ಕೋರಿಕೆ. ಹಿಮ ತೆಗೆಯಲು ಗಾಡಿ ನಿಲ್ಲಿಸಿದರೆ ದಯವಿಟ್ಟು ಕೂಲಿಗಳ ಮೇಲೆ ಕೂಗಾಡಬೇಡಿ. ಇಳಿದು ಬರುವಾಗ ನಿಮ್ಮ ಕೈಗವಸು, ಕಪ್ಪು ಕನ್ನಡಕಗಳನ್ನು ಅವರಿಗೆ ಕೊಟ್ಟು ಬನ್ನಿ. ಊರಿಗೆ ತಂದರೆ ಅವು ಬೀರು ಸೇರುತ್ತವೆ.

— ನಿವೃತ್ತ ಡೋಜರ್ ಆಪರೇಟರ್, ಹಾವೇರಿ ಜಿಲ್ಲೆ